ಜಯಮ್ಮನವರ ಪೆನ್‌ಡ್ರೈವ್ ಮತ್ತು ಹತ್ತಾರು ದೇಶಗಳ ಪೊಲೀಸರು

ನಾನು ಕಳ್ಳಿಯೋ ಅಲ್ಲವೋ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸಾಮಾನ್ಯವಾಗಿ ಜನಕ್ಕೆ ತಮ್ಮ ಬಗ್ಗೆ ಇಷ್ಟಾದರೂ ತಿಳಿದಿರುತ್ತದೆ. ಕದ್ದವರಿಗೆ ಕದ್ದದ್ದು ನೆನಪಿರುತ್ತದೆ, ಕದಿಯದವರು ನೆಮ್ಮದಿಯಾಗಿರುತ್ತಾರೆ. ನಾನು ಮಾತ್ರ ಎರಡರ ನಡುವೆ ಸೌಟು ಹಿಡಿದು ನಿಂತಿದ್ದೇನೆ. ಇದಕ್ಕೆ ಸ್ವಲ್ಪ ಮಟ್ಟಿಗೆ ನಾನು ಓದಿದ ಕಾನ್ವೆಂಟೇ ಕಾರಣ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕದ ಹುಡುಗಿಯ ಹತ್ತಿರ ಸ್ಟ್ರಾಬೆರಿ ವಾಸನೆಯ ರಬ್ಬರು ಇತ್ತು. ಅವಳು ನೀರು ಕುಡಿಯಲು ಹೋದಾಗ ನಾನು ಅದನ್ನು ಎತ್ತಿ ಚೆನ್ನಾಗಿ ಮೂಸಿ, ಇದ್ದಲ್ಲೇ ಇಟ್ಟುಬಿಟ್ಟೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಕಡೆಗೆ ನೀತಿಪಾಠದ ಸಿಸ್ಟರ್ ಹತ್ತಿರ ಹೋಗಿ, ರಬ್ಬರು ಅವಳ ಹತ್ತಿರವೇ ಇದೆ, ವಾಸನೆ ಮಾತ್ರ ನನಗೆ ಬಂದಿದೆ, ಇದು ಕಳ್ಳತನವೇ ಎಂದು ಕೇಳಿದೆ. ಸಿಸ್ಟರ್ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ನಂತರ, "ಮೊದಲು ಹೋಗಿ ಮಗ್ಗಿ ಬರಿ" ಎಂದರು. ಆ ಪ್ರಶ್ನೆಗೆ ಉತ್ತರ ಸಿಗದೆಯೇ ನಾನು ದೊಡ್ಡವಳಾದೆ, ಮದುವೆಯಾದೆ, ಪಟ್ಟಂದೂರು ಅಗ್ರಹಾರಕ್ಕೆ ಬಾಡಿಗೆಗೆ ಬಂದೆ.

ಗೋಡೆಗೆ ಅಂಟಿಕೊಳ್ಳುವ ಟಿ.ವಿ.ಗಳು ನಮ್ಮ ಬೀದಿಗೆ ಬಂದ ಹೊಸತು. ಅದರ ಬೆನ್ನಿಗೆ ಪೆನ್‌ಡ್ರೈವ್ ಚುಚ್ಚಿದರೆ ಸಿನಿಮಾ ಬರುತ್ತದೆಂದು ನಮ್ಮ ಬೀದಿಯಲ್ಲಿ ಮೊದಲು ಕಂಡುಹಿಡಿದವರು ನಮ್ಮ ಮನೆಯ ಓನರ್ ಜಯಮ್ಮನವರು. ಐ.ಟಿ. ಪಾರ್ಕು ಬರುವ ಮೊದಲು ಇವರ ಹೊಲದಲ್ಲಿ ರಾಗಿ ಬೆಳೆಯುತ್ತಿತ್ತಂತೆ. ಈಗ ಅಲ್ಲಿ ಮೂರು ಅಂತಸ್ತು ಎದ್ದು, ಮೇಲಿನ ಎರಡರಲ್ಲಿ ನಮ್ಮಂಥವರಿದ್ದೇವೆ. ಜಯಮ್ಮನವರಿಂದ ಒಂದು ಬಟ್ಟಲು ಹುಳಿ ಬಂದರೆ ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಇದು ನನ್ನ ತಾಯಿ ಕಲಿಸಿದ್ದು, ಜಯಮ್ಮನವರ ತಾಯಿಯೂ ಅದನ್ನೇ ಕಲಿಸಿದ್ದರು. ಹಾಗಾಗಿ ಒಂದು ದಿನ ಅವರು ಎರಡು ಸಿನಿಮಾ ಇದ್ದ ಪೆನ್‌ಡ್ರೈವನ್ನು, "ನೋಡಮ್ಮಾ, ಸಂದಾಗೈತೆ, ಅತ್ತು ಅತ್ತು ಸಾಕಾಯ್ತು" ಎಂದು ಕೊಟ್ಟಾಗ, ನಾನು ಅದನ್ನು ಖಾಲಿ ಕೊಡಬಾರದೆಂದು ನಮ್ಮವರ ಕೈಯಲ್ಲಿ ಇನ್ನೆರಡು ಸಿನಿಮಾ ಹಾಕಿಸಿ ಕೊಟ್ಟೆ. ಅವರು ನಾಲ್ಕು ಹಾಕಿಸಿ ಕಳಿಸಿದರು. ಹೀಗೆ ಅದು ಮೆಟ್ಟಿಲು ಹತ್ತಿ ಇಳಿದು ಓಡಾಡತೊಡಗಿತು. ಸಿನಿಮಾ ಎಲ್ಲಿಂದ ಬರುತ್ತದೆಂದು ನಾನು ಕೇಳಲಿಲ್ಲ. ಹುಳಿಗೆ ಬೇಳೆ ಎಲ್ಲಿಂದ ತಂದಿರಿ ಎಂದು ಯಾರಾದರೂ ಕೇಳುತ್ತಾರೆಯೇ?

ಜಯಮ್ಮನವರ ಮಗಳು ರೂಪಾ ಬಾಣಂತನಕ್ಕೆ ತವರಿಗೆ ಬಂದ ಮೇಲಂತೂ ಪೆನ್‌ಡ್ರೈವ್‌ಗೆ ಬಿಡುವೇ ಇಲ್ಲದಾಯಿತು. ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಲಗಿರುವ ಹುಡುಗಿ ಇನ್ನೇನು ಮಾಡಬೇಕು?

ಒಂದು ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತ ಪೇಪರ್ ಓದುತ್ತಿದ್ದ ನಮ್ಮವರ ಮುಖ ಇಳಿದುಹೋಯಿತು. ಹತ್ತಾರು ದೇಶಗಳ ಪೊಲೀಸರು ಒಟ್ಟಿಗೆ ಸೇರಿ, ಇಂಟರ್ನೆಟ್ಟಿನಲ್ಲಿ ಸಿನಿಮಾ ಕದ್ದು ಹಂಚುತ್ತಿದ್ದವರನ್ನು ಹಿಡಿದಿದ್ದರಂತೆ. ಎಲ್ಲೋ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದರಂತೆ. ಫೋಟೋದಲ್ಲಿ ಕಪ್ಪು ಬಟ್ಟೆಯ ಪೊಲೀಸರು ತಂತಿಗಳ ರಾಶಿಯ ಮುಂದೆ ನಿಂತಿದ್ದರು. ಒಬ್ಬರ ಷೂ ಲೇಸು ಬಿಚ್ಚಿಹೋಗಿತ್ತು. ನಾನು ಮೊದಲು ನೋಡಿದ್ದು ಅದನ್ನೇ.

"ಯಾವ್ದೋ ದೇಶದಲ್ಲಿ ಹಿಡಿದ್ರೆ ನಿಮಗ್ಯಾಕ್ರೀ ಬೆವರು?" ಎಂದೆ.

"ನಿನ್ನ ಬಾಣಂತಿ ಸಿನಿಮಾ ಎಲ್ಲಾ ನಾನು ಹಾಕಿದ್ದು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕಣೇ. ನಾಳೆ ಎಲ್ಲರ ಲ್ಯಾಪ್‌ಟಾಪ್ ಚೆಕ್ ಮಾಡ್ತೀವಿ ಅಂತ ಮೇಲ್ ಬಂದಿದೆ."

"ಹಾಗಾದ್ರೆ ನಾವು ಕಳ್ಳರಾ?"

"ಕಳ್ಳರು ಅಂತಲ್ಲ... ಟೆಕ್ನಿಕಲಿ..." ಎಂದು ಅವರು ಎದ್ದುಹೋದರು. ನಮ್ಮವರು ಟೆಕ್ನಿಕಲಿ ಎಂದರೆ ಹೌದು ಎಂದೇ ಅರ್ಥ. ಮದುವೆಯ ಹೊಸತರಲ್ಲಿ, ನಿಮಗೆ ಗೊರಕೆ ಇದೆಯೇ ಎಂದು ಕೇಳಿದಾಗಲೂ ಅವರು ಹೇಳಿದ್ದು ಇದೇ ಮಾತು.

ಆ ದಿನ ಅವರು ಲ್ಯಾಪ್‌ಟಾಪನ್ನು ಮನೆ ಒರೆಸಿದಂತೆ ಒರೆಸಿದರು. ಅಷ್ಟಕ್ಕೇ ನಿಲ್ಲದೆ ಮನೆಯಲ್ಲಿ ಕಂಡ ಪೆನ್‌ಡ್ರೈವನ್ನೆಲ್ಲ ಚುಚ್ಚಿ ಖಾಲಿ ಮಾಡಿದರು. ಫ್ರಿಜ್ಜಿನ ಮೇಲಿದ್ದ ಜಯಮ್ಮನವರದ್ದೂ ಅದರಲ್ಲಿ ಸೇರಿತ್ತು.

ಸೋಮವಾರ ಅದನ್ನು ವಾಪಸು ಕೊಡಬೇಕಿತ್ತು. ತುಂಬಿಸಿ ಕೊಟ್ಟರೆ ಅಪರಾಧ, ಬಾಣಂತಿ ಇರುವ ಮನೆಗೆ ಖಾಲಿ ಕೊಟ್ಟರೆ ಅಪಶಕುನ. ಒಲೆಯ ಮುಂದೆ ನಿಂತು ಬಹಳ ಯೋಚಿಸಿದೆ. ಕಡೆಗೆ ನನ್ನದೇ ಆದ, ಯಾವ ದೇಶದ ಪೊಲೀಸರೂ ಆಕ್ಷೇಪಿಸಲಾಗದ ವಸ್ತು ಹೊಳೆಯಿತು. ಧನುರ್ಮಾಸದಲ್ಲಿ ನಾನು ಬಾಗಿಲಿಗೆ ಹಾಕಿದ ರಂಗೋಲಿಗಳ ಫೋಟೋ! ಹದಿನೇಳು ಇದ್ದವು. ಹದಿನೇಳನ್ನೂ ಹಾಕಿ, ಹಗುರವಾದ ಮನಸ್ಸಿನಿಂದ ಕೆಳಗೆ ಕೊಟ್ಟುಬಂದೆ.

ಮಂಗಳವಾರ ಬಟ್ಟೆ ಒಣಗಿಸಲು ಹೋದಾಗ ಜಯಮ್ಮನವರು ಮಾಳಿಗೆಯ ಮೇಲೆ ಸಿಕ್ಕಿದರು.

"ಏನಮ್ಮಾ ಇದು, ಬರೀ ರಂಗೋಲಿ ಕುಂತವೆ? ಸಂದಾಗವೆ, ಇಲ್ಲ ಅನ್ನಕ್ಕಿಲ್ಲ. ಆದ್ರೆ ಮಾತಾಡಕ್ಕಿಲ್ವಲ್ಲ!"

"ಸಿನಿಮಾ ಕಾಪಿ ಮಾಡೋದು ತಪ್ಪಂತೆ ಆಂಟಿ, ಪೊಲೀಸರು ಹಿಡೀತಿದಾರಂತೆ" ಎಂದೆ.

"ಯಾವ ಟೇಸನ್ನು?"

"ಎಲ್ಲಾ ದೇಶದ್ದೂ."

"ಅಯ್ಯೋ, ನಮ್ ಬೀದೀಲಿ ಮೋರಿ ಒಡೆದು ಮೂರ್ ತಿಂಗ್ಳಾತು, ಅದಕ್ಕೊಬ್ರು ಬಂದಿಲ್ಲ. ನನ್ ಪೆನ್‌ಡ್ರೈವ್‌ಗೆ ಅಷ್ಟು ದೇಸದವ್ರು ಬತ್ತಾರಾ? ಬುಡು ಅತ್ಲಾಗೆ. ಅದಿರ್ಲಿ, ಸೀಮಂತದ್ದು ಎಲ್ಲೋಯ್ತು? ನಮ್ ಟಿ.ವಿ.ಗೇ ಏನೋ ರೋಗ ಬಂದೈತೆ, ಕಾಣಿಸ್ತಾನೇ ಇಲ್ಲ."

ರೂಪಾಳ ಸೀಮಂತದ ವಿಡಿಯೋ ಆ ಪೆನ್‌ಡ್ರೈವ್‌ನಲ್ಲಿತ್ತು ಎಂಬುದು ನನಗೆ ಆಗಲೇ ಗೊತ್ತಾದದ್ದು. ಕೈಯಲ್ಲಿದ್ದ ಟವೆಲ್ ಹಿಂಡುತ್ತಲೇ ಇದ್ದೆ, ಅದರಲ್ಲಿ ಹನಿ ನೀರೂ ಉಳಿದಿರಲಿಲ್ಲ. "ಡಿವಿಡಿ ಇರಬೇಕಲ್ಲ ಆಂಟಿ?" ಎಂದೆ. ರಾಗಿ ಹರಡುತ್ತಿದ್ದ ಜಯಮ್ಮನವರು ತಲೆ ಎತ್ತದೆ ಕೈ ತೋರಿಸಿದರು. ಒಣಹಾಕಿದ ರಾಗಿಯ ಮೇಲೆ, ಪಾರಿವಾಳ ಬಾರದಿರಲೆಂದು ದಾರಕ್ಕೆ ಕಟ್ಟಿದ ಡಿವಿಡಿ ಬಿಸಿಲಲ್ಲಿ ಗಿರ್ರನೆ ತಿರುಗುತ್ತಿತ್ತು. ಅದರ ಮೈತುಂಬ ಗೀರು. "ಪೆನ್‌ಡ್ರೈವ್‌ನಾಗೆ ಐತಲ್ಲ ಅಂತ ಕಟ್ದೆ. ವಿಡಿಯೋದವ್ನೂ ಅಂಗಡಿ ಮುಚ್ಕೊಂಡು ಎಲ್ಗೋ ಓದ. ಸನಿವಾರ ನಮ್ ಬೀಗಿತ್ತಿ ಬತ್ತವ್ಳೆ. ಕಾಲು ಮುರ್ಕೊಂಡು ಸೀಮಂತಕ್ಕೇ ಬರಾಕಾಗ್ಲಿಲ್ಲ ಪಾಪ. ಅವ್ಳಿಗೆ ತೋರಿಸ್ಬೇಕು ಕಣಮ್ಮ."

ನಿಜ ಹೇಳಬೇಕಾದ ಜಾಗ ಅದೇ. ನಾನು ಹೇಳಿದ್ದು, "ಕೊಡಿ ಆಂಟಿ, ನಮ್ಮ ಕಂಪ್ಯೂಟರ್‌ನಲ್ಲಿ ಒಂದ್ಸಲ ನೋಡ್ತೀನಿ. ಟಿ.ವಿ.ಗೇ ಏನೋ ಆಗಿರಬೇಕು" ಎಂದು. ಕದಿಯಬಾರದೆಂದು ಹೊರಟವಳು ಎರಡೇ ದಿನದಲ್ಲಿ ಸುಳ್ಳು ಹೇಳುವುದನ್ನು ಕಲಿತಿದ್ದೆ. ಸಂಜೆ ನಮ್ಮವರಿಗೆ ವಿಷಯ ತಿಳಿಸಿದಾಗ ಅವರು ತಲೆಯ ಮೇಲೆ ಕೈಹೊತ್ತು ಕುಳಿತು, "ನೀನೇ ಹೇಳಿಬಿಡು, ಹೆಂಗಸರು ಹೆಂಗಸರು ಏನೂ ಅನ್ನಲ್ಲ" ಎಂದರು. ಅವರ ಲ್ಯಾಪ್‌ಟಾಪನ್ನು ಸೋಮವಾರ ಯಾರೂ ಚೆಕ್ ಮಾಡಿರಲಿಲ್ಲ. ಆಫೀಸಿನಲ್ಲಿ ಅರ್ಧ ಜನ ಪೊಲೀಸರು ಮಾಡಿದ್ದು ಸರಿ ಎಂದು ವಾದಿಸಿದರಂತೆ. ಮಿಕ್ಕರ್ಧ ಜನ ಇದು ಅನ್ಯಾಯವೆಂದು ಕೂಗಾಡಿದರಂತೆ. ಊಟದ ಹೊತ್ತಿಗೆ ಎರಡೂ ಕಡೆಯವರು ಒಟ್ಟಿಗೆ ಕೂತು, ಬೀಗ ಬಿದ್ದ ಸೈಟು ಯಾವ ಹೊಸ ಹೆಸರಲ್ಲಿ ತೆರೆದಿದೆ ಎಂದು ಹುಡುಕಿದರಂತೆ. ಹಾಗಾದರೆ ಪೊಲೀಸರು ಬೀಗ ಹಾಕಿದ್ದು ಯಾವುದಕ್ಕೆ?

ಬುಧವಾರ ನಾನು ಬಸವರಾಜರ ಅಂಗಡಿಗೆ ಹೋದೆ. ಇವರು ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಬೆನ್ನುನೋವು ಶುರುವಾದ ಮೇಲೆ ಬೀದಿಯ ತುದಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಕರೆನ್ಸಿ ಹಾಕುತ್ತಾರೆ, ಮೆಮೊರಿ ಕಾರ್ಡಿಗೆ ಸಿನಿಮಾ ತುಂಬುತ್ತಾರೆ. ತಗಡಿನ ಶೆಡ್ಡುಗಳಲ್ಲಿರುವ ಅವರ ಊರ ಕಡೆಯ ಕೆಲಸಗಾರರೆಲ್ಲ ಗಿರಾಕಿಗಳು. ಅಂದು ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದೆ.

"ಬರ್ರೀ ಅಕ್ಕಾರ. ಪೇಪರ್‌ನಾಗ ಏನೇನೋ ಬಂದೈತಿ, ಅದಕ್ಕ ಅರ್ಧಾ ಇಳಿಸೀನಿ."

ಅರ್ಧ ಇಳಿಸಿದರೆ ಅರ್ಧ ಅಪರಾಧವೇ ಎಂದು ಕೇಳಬೇಕೆನಿಸಿತು. ಪೆನ್‌ಡ್ರೈವ್ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ.

"ಅಳಿಸಿದ್ರ ಹೋಗೂದಿಲ್ರೀ ಅದು. ಮನಿ ಮುಂದಿನ ಬೋರ್ಡ್ ಅಷ್ಟ ಒರಸ್ಯಾರ, ಒಳಗ ಮಂದಿ ಹಂಗ ಕುಂತಿರ್ತಾರ. ಆಮ್ಯಾಲ ಇದರಾಗ ಹೊಸಾದು ಏನರ ಹಾಕೀರೇನು?"

"ರಂಗೋಲಿ."

"ಆಂ?"

"ರಂಗೋಲಿ ಫೋಟೋ. ಹದಿನೇಳು."

ಬಸವರಾಜರು ನನ್ನನ್ನು ನೋಡಿದ ರೀತಿ, ನಮ್ಮ ಸಿಸ್ಟರ್ ಕಿಟಕಿಯಾಚೆ ನೋಡಿದ ರೀತಿಯಲ್ಲೇ ಇತ್ತು. "ಎಷ್ಟ್ ಉಳದೈತೋ ನೋಡೂಣು. ಶುಕ್ರವಾರ ಬರ್ರಿ" ಎಂದರು.

ಆ ಎರಡು ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೆಳಗಿನಿಂದ ರೂಪಾ, "ಅಕ್ಕಾ, ಸಿಕ್ತಾ?" ಎಂದು ಕೂಗಿದಾಗೆಲ್ಲ, ಕುಕ್ಕರ್ ಕೂಗಿದ್ದರಿಂದ ಕೇಳಿಸಲಿಲ್ಲವೆಂಬಂತೆ ನಟಿಸಿದೆ. ಒಮ್ಮೆಯಂತೂ ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಶುಕ್ರವಾರ ಬಸವರಾಜರು ನಗುತ್ತಿದ್ದರು. ವಿಡಿಯೋ ಮೂರು ತುಂಡಾಗಿತ್ತಂತೆ. ಮೊದಲನೆಯ ತುಂಡಿನ ಮೇಲೆ ನನ್ನ ರಂಗೋಲಿ ಕೂತು ಅದು ಹಾಳಾಗಿತ್ತು. ಉಳಿದೆರಡು ಸಿಕ್ಕಿದ್ದವು. ಸಿನಿಮಾಗಳೂ ಒಂದೂ ಬಿಡದೆ ಎದ್ದು ಬಂದಿದ್ದವು.

"ಸಿನಿಮಾ ತೆಗೆದುಬಿಡಿ. ಅದು ಕಳ್ಳತನ ಅಂತೆ" ಎಂದೆ.

"ಈಗರ ಜೀವ ಬಂದಾವ, ಮತ್ತ ಕೊಲ್ಲೂದೇನ್ರಿ? ನಮ್ ಹುಡುಗ್ರು ದಿನಾ ಹತ್ತು ಮಹಡಿ ಸಿಮೆಂಟ್ ಹೊತ್ತು ಬರ್ತಾರ. ಮಾಲ್ ಕಟ್ಟಿದ್ದೂ ಅವ್ರ. ಆದ್ರ ಅಲ್ಲಿ ಸಿನಿಮಾ ನೋಡಾಕ ಒಳಗ ಬಿಡ್ತಾರೇನು ನೀವ ಹೇಳ್ರಿ. ಅಂಗೈಯಾಗ ಒಂದ್ ಸಿನಿಮಾ ನೋಡಿ ಮಲಗ್ತಾರ." ಪೆನ್‌ಡ್ರೈವ್ ನನ್ನ ಮುಂದಿಡುತ್ತ ಅವರೇ ಹೇಳಿದರು, "ಹಂಗಂತ ಸಿನಿಮಾ ಮಾಡಿದಾವ್ಗೂ ಹೊಟ್ಟಿ ಐತಿ ಅನ್ನೂದು ಖರೇನ. ನಂಗೂ ತಿಳೀದಿಲ್ರೀ ಅಕ್ಕಾರ."

ತಿಳಿಯದವಳು ನಾನೊಬ್ಬಳೇ ಅಲ್ಲವೆಂದು ಸಮಾಧಾನವಾಯಿತು. ಈ ಸಲ ಇರಲಿ ಎಂದು ಪೆನ್‌ಡ್ರೈವನ್ನು ಹಾಗೆಯೇ ತಂದೆ.

ಶನಿವಾರ ಮಧ್ಯಾಹ್ನ ಜಯಮ್ಮನವರ ಹಾಲ್‌ನಲ್ಲಿ ಬೀಗಿತ್ತಿಯನ್ನು ಸೋಫಾದ ಮೇಲೆ ಕೂರಿಸಿ, ಕಾಲಿನ ಕೆಳಗೆ ದಿಂಬು ಇಟ್ಟಿದ್ದರು. ರೂಪಾಳ ಮಡಿಲಲ್ಲಿ ಮಗು ಮಲಗಿತ್ತು. ವಿಡಿಯೋ ನಡುವಿನಿಂದ ಶುರುವಾಯಿತು, ಆಗಲೇ ಬಳೆ ತೊಡಿಸುತ್ತಿದ್ದರು.

"ಪೂಜೇದೇ ಇಲ್ವಲ್ಲ! ಆ ವಿಡಿಯೋದವ್ನು ಅವತ್ತು ಲೇಟಾಗೇ ಬಂದಿದ್ದ, ಕಳ್ ನನ್ಮಗ" ಎಂದರು ಜಯಮ್ಮನವರು. ಊರು ಬಿಟ್ಟು ಹೋದ ಆ ನಿರಪರಾಧಿಯ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ.

ನೋಡುತ್ತ ಹೋದಂತೆ ನನಗೆ ಇನ್ನೊಂದು ಗಾಬರಿ ಹತ್ತಿತು. ವಿಡಿಯೋದ ಉದ್ದಕ್ಕೂ ಆತ ಸಿನಿಮಾ ಹಾಡು ಜೋಡಿಸಿದ್ದ. ಬಳೆಗೊಂದು ಹಾಡು, ಆರತಿಗೊಂದು ಹಾಡು, ಊಟದ ಪಂಕ್ತಿಗೆ ಕುಣಿತದ ಹಾಡು. ಯಾರ ಅಪ್ಪಣೆ ಪಡೆದಿದ್ದ? ಹಾಗಾದರೆ ಇದೂ ಕಳ್ಳತನವೇ ಆಯಿತಲ್ಲ? ಅಷ್ಟರಲ್ಲಿ ಹಾಡು ನಿಂತು, ಹಸಿರು ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬಳು ಮುಂದೆ ಬಂದು, ಕಣ್ಣು ಮುಚ್ಚಿ, ತಾಯ್ತನದ ಮೇಲಿನ ಒಂದು ಹಳೆಯ ಚಿತ್ರಗೀತೆಯನ್ನು ಶುರುಮಾಡಿದಳು. ಅದು ನಾನೇ. ಎರಡನೇ ಚರಣದಲ್ಲಿ ಶ್ರುತಿ ತಪ್ಪಿದರೂ ಬಿಡದೆ ಮೂರೂ ಚರಣ ಮುಗಿಸಿದ್ದೆ. ಹತ್ತಾರು ದೇಶಗಳ ಪೊಲೀಸರಿಗೆ ಸಾಕ್ಷಿ ಬೇಕಿದ್ದರೆ ಇದಕ್ಕಿಂತ ಸ್ಪಷ್ಟವಾದದ್ದು ಸಿಗುತ್ತಿರಲಿಲ್ಲ.

ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ಬಂದಂಗಾಯ್ತು ಕಣವ್ವ. ನಂಗೊಂದು ಕಾಪಿ ಆಕ್ಸಿ ಕೊಡ್ರವ್ವ ಇದ್ನ."

"ನಮ್ ತಂಗೀಗೂ ಒಂದು" ಎಂದರು ಜಯಮ್ಮನವರು.

"ನಮ್ಮ ಮನೆಯವ್ರಿಗೂ ಒಂದು ಬೇಕು" ಎಂದಳು ರೂಪಾ.

ಕಾಪಿ ಮಾಡುವುದರಲ್ಲಿ ಒಂದು ತೊಂದರೆ ಇದೆ ಎಂದು ವಿವರಿಸಲು ನಾನು ಬಾಯಿ ತೆರೆದೆ. ಆಗ ರೂಪಾ ಟಿ.ವಿ. ಕಡೆ ನೋಡುತ್ತಲೇ, "ಅಕ್ಕಾ, ಹಸಿರು ಸೀರೇಲಿ ನೀವು ಥೇಟ್ ಹೀರೋಯಿನ್ ಥರ ಕಾಣ್ತಿದೀರ" ಎಂದಳು.

ತೆರೆದ ಬಾಯಿಂದ ಹೊರಬಂದ ಮಾತು ಬೇರೆಯೇ ಆಗಿತ್ತು: "ನಾಲ್ಕು ಕಾಪಿ ಮಾಡಿಸ್ತೀನಿ ಬಿಡಿ."

ನಾಲ್ಕನೆಯದು ಯಾರಿಗೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.