ಸೋರೆಬುರುಡೆ ಒಳಗೆ ತರಬಾರದು

ದಿನಕ್ಕೊಬ್ಬರನ್ನಾದರೂ ಅಣಕಿಸದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಇದು ಕಾಯಿಲೆಯೋ ಕಲೆಯೋ ಎಂಬ ವಿಚಾರದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಕಲೆ ಎನ್ನುವ ಪಕ್ಷದಲ್ಲಿ ನಾನೊಬ್ಬನೇ ಇದ್ದೇನೆ. ಇಂಥವನ ಕೊರಳಿಗೆ ಸೀಟಿ ಕಟ್ಟಿ ಪಾಂಡವಪುರದ ಹೊರಗಿನ ತಮ್ಮ ಈಜುಕೊಳಕ್ಕೆ ಲೈಫ್‌ಗಾರ್ಡ್ ಮಾಡಿದ ಪುಣ್ಯಾತ್ಮರು ಸಿದ್ದಪ್ಪಣ್ಣ. ಅವರದು ಮೊದಲಿಂದಲೂ ಹಾಲಿನ ಡೇರಿ. ನಾನು ಅಲ್ಲಿ ಕ್ಯಾನು ತೊಳೆಯುತ್ತಿದ್ದೆ. ತಲೆಯನ್ನು ಕ್ಯಾನಿನೊಳಗೆ ತೂರಿಸಿ ಉಜ್ಜುವ ಕೆಲಸದಿಂದ ಎತ್ತರದ ಕುರ್ಚಿಯ ಮೇಲೆ ಕಾಲಾಡಿಸುವ ಕೆಲಸಕ್ಕೆ ಬಡ್ತಿ ಸಿಕ್ಕಿದರೆ ಮನುಷ್ಯನಿಗೆ ಸ್ವಲ್ಪ ಕೊಬ್ಬು ಬಂದೇ ಬರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಬಂತು.

ಕೊಳ ಅಂದಮೇಲೆ ನಿಯಮ. ಗೋಡೆಯ ಮೇಲೆ ಬೋರ್ಡಿನಂತೆ ಚೌಕ ಹಾಕಿ ಅವನ್ನೆಲ್ಲ ಬಣ್ಣದಲ್ಲಿ ಬರೆದವನು ನಾನೇ. ಇಳಿಯುವ ಮುಂಚೆ ಷವರ್ ಕೆಳಗೆ ಮೈ ತೊಳೆಯಬೇಕು, ಎಣ್ಣೆ ಹಚ್ಚಿಕೊಂಡು ಬರಬಾರದು, ಊಟವಾದ ತಕ್ಷಣ ಇಳಿಯಬಾರದು, ಹೀಗೆ. ನಮ್ಮ ಕಡೆಯವರೋ ನಾಲೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವರು. ಷವರ್ ವಿಚಾರ ಕೇಳಿ ಸ್ವತಃ ಸಿದ್ದಪ್ಪಣ್ಣನೇ ತಲೆ ಕೆರೆದುಕೊಂಡಿದ್ದರು. "ನೀರಿಗಿಳಿಯಕ್ಕೆ ಮುಂಚೆ ನೀರು ಉಯ್ಕಬೇಕಾ? ಮದುವೆ ಮನೇಲಿ ಉಣ್ಣಕ್ಕೆ ಮುಂಚೆ ಮನೇಲಿ ಉಂಡ್ಬುಟ್ಟು ಬಾ ಅಂದಂಗಾಯ್ತಲ್ಲಾ!"

ಬೋರ್ಡಿನ ಕೊನೆಯ ನಿಯಮ ಮಾತ್ರ ಯಾವ ಸರ್ಕಾರದ್ದೂ ಅಲ್ಲ, ನನ್ನದು: 'ಸೋರೆಬುರುಡೆ ಒಳಗೆ ತರಬಾರದು.' ಅದು ಇಡೀ ಜಗತ್ತಿನಲ್ಲಿ ಒಬ್ಬನಿಗಾಗಿ ಬರೆದದ್ದು. ನಾಗಮಂಗಲ ತಾಲ್ಲೂಕು ದೇವಲಾಪುರದ ಬೋರಣ್ಣ ಮಗಳ ಮನೆಗೆಂದು ಪಾಂಡವಪುರಕ್ಕೆ ಬಂದವನು, ಕೊಳ ನೋಡಿದ ಮೇಲೆ ವಾಪಸ್ ಹೋಗುವ ಮಾತೇ ಆಡಲಿಲ್ಲ. ಅವರ ಊರಿನಲ್ಲಿ ನಾಲೆಯಿಲ್ಲ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು. ಈಗ ಬುರುಡೆಯ ಅಗತ್ಯವಿಲ್ಲದಿದ್ದರೂ ಅದನ್ನು ತಲೆದಿಂಬು ಮಾಡಿಕೊಂಡು, ಹೊಟ್ಟೆ ಮೇಲೆ ಮಾಡಿ, ಜಗಲಿಯ ಮೇಲೆ ಮಲಗಿದಂತೆ ತೇಲುತ್ತ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದ. ನಾನು ಅದರ ಉದ್ದನೆಯ ಹಗ್ಗದ ಸಮೇತ ಬುರುಡೆ ಜಪ್ತಿ ಮಾಡಿ ನನ್ನ ಕುರ್ಚಿಯ ಕೆಳಗಿಟ್ಟುಕೊಂಡೆ. ಅವನು ದಿನವೂ ಬಂದು ಅದರ ಪಕ್ಕದಲ್ಲೇ ಕೂತು, "ಬೋರ್ಡ್ ಬರ್ದವನೇ, ನಿಂಗೆ ಈ ಬುರ್ಡೇನೇ ಗತಿಯಾಗ್ಲಿ ಕಣ್ಲಾ" ಎಂದು ಆಶೀರ್ವಾದ ಮಾಡುತ್ತಿದ್ದ.

ಆಶೀರ್ವಾದ ಫಲಿಸುವುದಕ್ಕೆ ಮುಂಚೆ ಕೊಳದ ಪರವಾನಗಿಗೆಂದು ತಪಾಸಣೆಯ ಸಾಹೇಬರು ಬಂದರು. ನೀರನ್ನು ಪುಟ್ಟ ಗಾಜಿನ ಕೊಳವೆಯಲ್ಲಿ ಹಿಡಿದು ಕ್ಲೋರಿನ್ ನೋಡಿದರು, ಕೊಳದ ತಳ ಕಾಣುತ್ತದೋ ಎಂದು ಬಗ್ಗಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. "ಮುಳುಗುವವರಿಗೆ ಎಸೆಯುವ ಟ್ಯೂಬು ಎಲ್ರೀ?" ಎಂದರು. ಹುಡುಕಿದರೆ, ಆ ಕೆಂಪು ಬಿಳಿ ಟ್ಯೂಬು ಸಿದ್ದಪ್ಪಣ್ಣನ ಮನೆಯ ಬಚ್ಚಲಲ್ಲಿ ದೊಡ್ಡ ಹಂಡೆಗೆ ಸಿಂಬೆಯಾಗಿ ಕೂತಿತ್ತು. ಅವರ ಹೆಂಡತಿ, "ಅಲ್ಲಿ ಸುಮ್ನೆ ನೇತಾಡ್ತಿತ್ತು, ಹಂಡೆ ಉಳ್ಳಾಡದು ನಿಂತದೆ ಅಂತ ತಂದೆ" ಎಂದರು. ಸಾಹೇಬರು ನಗಲಿಲ್ಲ. ಮುಂದಿನ ವಾರ ಬರುವಷ್ಟರಲ್ಲಿ ಟ್ಯೂಬು ಗೋಡೆಯ ಮೇಲಿರಬೇಕು, ಲೈಫ್‌ಗಾರ್ಡು ನೀರಿಗೆ ಹಾರಿ ತೋರಿಸಬೇಕು, ಇಲ್ಲದಿದ್ದರೆ ಬೇಸಿಗೆ ಪೂರ್ತಿ ಕೊಳಕ್ಕೆ ಬೀಗ ಎಂದು ಹೇಳಿ ಹೋದರು. ಸಿದ್ದಪ್ಪಣ್ಣ ನನ್ನ ಕಡೆ ತಿರುಗಿ, "ಕೊಳಕ್ಕೆ ಬೀಗ ಬಿದ್ರೆ ಕ್ಯಾನು ಅಲ್ಲೇ ಅವೆ ಕಣ್ಲಾ ಚಂದ್ರು" ಎಂದರು.

ಕುರ್ಚಿಯ ಮೇಲೆ ನಾನು ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ಮುಳುಗುವವರ ಅಣಕ. ಶ್ರೀರಂಗಪಟ್ಟಣದವನು ಹುಟ್ಟಿದಾಗಿನಿಂದ ಹೊಳೆ ಕಂಡವನು, ಮಾವನ ಮನೆಗೆ ಹೋದಂತೆ ಗತ್ತಿನಲ್ಲಿ ಮುಳುಗುತ್ತಾನೆ. ಕೆ.ಆರ್.ಪೇಟೆಯವನು ನೀರಿನ ಜೊತೆ ಚೌಕಾಸಿ ಮಾಡುತ್ತ ಕಂತುಕಂತಾಗಿ ಮುಳುಗುತ್ತಾನೆ. ನಾಗಮಂಗಲದವನು, ಇಷ್ಟೊಂದು ನೀರೇ ಎಂದು ಬಾಯಿಬಿಟ್ಟು, ಆ ಬಾಯಿಂದಲೇ ಮುಳುಗುತ್ತಾನೆ. ಇದಕ್ಕೆ ನಿತ್ಯವೂ ಚಪ್ಪಾಳೆ. ಬೋರಣ್ಣ ಮಾತ್ರ, "ನಮ್ಮ ತಾಲ್ಲೂಕಿನೋನು ಅಂಗೆಲ್ಲ ಮುಳುಗಲ್ಲ ಬುಡ್ಲಾ" ಎಂದು ಗೊಣಗುತ್ತಿದ್ದ.

ಎರಡನೆಯ ತಪಾಸಣೆಯ ದಿನ ಸಾಹೇಬರು ಬೆಳಿಗ್ಗೆ ಬರುತ್ತೇನೆಂದವರು ಮಧ್ಯಾಹ್ನವಾದರೂ ಬರಲಿಲ್ಲ. ಹಸಿವು ತಾಳದೆ ಎರಡು ಮುದ್ದೆ, ಅವರೆಕಾಳು ಸಾರು ಇಳಿಸಿದೆ. ಎರಡನೆಯದನ್ನು ನುಂಗುತ್ತಿರುವಾಗಲೇ ಜೀಪು ಬಂತು. ಊಟವಾದ ತಕ್ಷಣ ಇಳಿಯಬಾರದೆಂದು ಬರೆದವನು ನಾನೇ ನಿಜ. ಆದರೆ ಬರೆದವರೆಲ್ಲ ತಾವು ಬರೆದದ್ದನ್ನು ಪಾಲಿಸಬೇಕೆಂದರೆ ನಾಡಿನಲ್ಲಿ ಯಾರು ತಾನೇ ಬರೆದಾರು? ಸಾಹೇಬರು "ಹಾರಪ್ಪ" ಎಂದರು. ಸೀಟಿ ಊದಿ, ಜನರ ಕಡೆ ಕೈಬೀಸಿ, ಆಳದ ಕಡೆಗೇ ಹಾರಿದೆ.

ಅರ್ಧ ಕೊಳ ದಾಟಿದ್ದೆ. ಹೊಟ್ಟೆಯೊಳಗಿನ ಮುದ್ದೆ ಇದ್ದಕ್ಕಿದ್ದಂತೆ ಹಿಂಡಿತು. ಹಿಂದೆಯೇ ಕಾಲಿನ ಮೀನಖಂಡ ಗಂಟುಕಟ್ಟಿತು. ಕೈ ಬಡಿದೆ, ನೀರು ಕುಡಿದೆ, "ಅಯ್ಯಯ್ಯೋ, ಹಿಡ್ಕಳ್ರೋ!" ಎಂದು ಕಿರುಚಿದೆ. ದಡದಲ್ಲಿ ಶಿಳ್ಳೆ ಬಿತ್ತು.

"ನಾಗಮಂಗಲದೋನ್ನ ಮಾಡ್ತಾವ್ನೆ ನೋಡ್ಲಾ!"

"ಲೇ ಇಲ್ಲ ಕಣ್ಲಾ, ಇದು ಕೆ.ಆರ್.ಪೇಟೆ. ಕಂತ್‌ಕಂತಾಗಿ ಓಗ್ತಾವ್ನೆ!"

ನಾನು ಸಾಯುತ್ತಿದ್ದೇನೆ, ಅವರು ತಾಲ್ಲೂಕು ತೀರ್ಮಾನ ಮಾಡುತ್ತಿದ್ದಾರೆ. ಮೂರನೆಯ ಸಲ ಮೇಲೆ ಬಂದಾಗ ಸಾಹೇಬರೂ ನಗುತ್ತಿದ್ದದ್ದು ಕಂಡಿತು. ಸಿದ್ದಪ್ಪಣ್ಣನಿಗೆ ಮಾತ್ರ ಏನೋ ಅನುಮಾನ ಬಂದು ಟ್ಯೂಬಿನ ಕಡೆ ಓಡಿದರು. ಆದರೆ ಹೆಂಡತಿ ಮತ್ತೆ ಹಂಡೆಗೆ ಒಯ್ಯದಿರಲೆಂದು ಅದನ್ನು ಬೇಲಿ ತಂತಿಯಿಂದ ಗೋಡೆಗೆ ಬಿಗಿದು, ತಾವೇ ನಾಲ್ಕು ಸುತ್ತು ಹೊಸೆದಿದ್ದರು. "ಇಕ್ಕಳ ತತ್ತಾರ್ರೋ!" ಎಂಬ ಅವರ ಕೂಗು ನೀರಿನೊಳಗೂ ಕೇಳಿಸಿತು.

ಅಷ್ಟರಲ್ಲಿ ಏನೋ ಬಂದು ನನ್ನ ಮೂಗಿಗೆ ಬಡಿಯಿತು. ಸೋರೆಬುರುಡೆ! ತಬ್ಬಿಕೊಂಡೆ. ತಾಯಿಯನ್ನೂ ಹಾಗೆ ತಬ್ಬಿಕೊಂಡ ನೆನಪಿಲ್ಲ. ಅದರ ಹಗ್ಗದ ಇನ್ನೊಂದು ತುದಿಯಲ್ಲಿ ಬೋರಣ್ಣ, ಬಾವಿಯಿಂದ ಕೊಡ ಸೇದುವಂತೆ ನಿಧಾನವಾಗಿ ನನ್ನನ್ನು ಸೇದಿ ಮೇಲೆ ಹಾಕಿದ.

"ನಿಜ ಅಂತ ಹೆಂಗೆ ಗೊತ್ತಾಯ್ತು?" ಉಸಿರು ಬಂದ ಮೇಲೆ ಕೇಳಿದೆ.

"ಅಣಕ ಮಾಡೋವಾಗ ಯಾರ್ ಯಾರು ನಗ್ತಾವ್ರೆ ಅಂತ ವಾರೆಗಣ್ಣಲ್ಲಿ ನೋಡ್ತಿರ್ತೀಯ. ಇವತ್ತು ನೋಡ್ನಿಲ್ಲ. ಆಗ್ಲೇ ಅಂದ್ಕಂಡೆ, ಬಡ್ಡೀಮಗ ಸಾಯ್ತಾವ್ನೆ ಅಂತ."

ತಂತಿ ಬಿಚ್ಚಿ ಟ್ಯೂಬನ್ನು ಬರೀ ಗೂಟಕ್ಕೆ ತೂಗುಹಾಕಿದ ಮೇಲೆ, ನಾನು ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಹಾರಿ ತೋರಿಸಿದ ಮೇಲೆ, ಪರವಾನಗಿ ಬಂತು. ಹಂಡೆಗೆ ಹೊಸ ಸಿಂಬೆಯೂ ಬಂತು. ಬೋರ್ಡಿನ ಕೊನೆಯ ಸಾಲಿಗೆ ನಾನೇ ಸುಣ್ಣ ಬಳಿದೆ. ಬುರುಡೆ ಈಗ ರಾಜಾರೋಷವಾಗಿ ಒಳಗೆ ಬರುತ್ತದೆ, ಬೋರಣ್ಣನೂ ಬರುತ್ತಾನೆ.

ಆದರೆ ಊರಿನಲ್ಲಿ ನನ್ನ ಅಣಕ ಈಗ ಯಾರಿಗೂ ಬೇಡ. ದಿನಾ ಸಂಜೆ ಟೀ ಅಂಗಡಿಯ ಮುಂದೆ ಗುಂಪು ಸೇರುತ್ತದೆ. ಬೋರಣ್ಣ ಪಂಚೆ ಎತ್ತಿ ಕಟ್ಟಿ, ಇಲ್ಲದ ಸೀಟಿ ಊದಿ, ಜನರ ಕಡೆ ಕೈಬೀಸಿ ಹಾರುತ್ತಾನೆ, ಆಮೇಲೆ ಮುದ್ದೆ ಹಿಂಡಿದ ಮುಖ ಮಾಡಿ, "ಅಯ್ಯಯ್ಯೋ, ಹಿಡ್ಕಳ್ರೋ!" ಎನ್ನುತ್ತಾನೆ. ಮೊನ್ನೆ ನಾನೂ ಹಿಂದೆ ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಮೂಲಕ್ಕಿಂತ ಚೆನ್ನಾಗಿದೆ. ಅವನು ವಾರೆಗಣ್ಣಲ್ಲಿ ನೋಡಿದ, ನಾನು ನಗುತ್ತಿದ್ದೇನೋ ಇಲ್ಲವೋ ಎಂದು.