ಬಾಯಿಗಲ್ಲ, ಕೊಡಕ್ಕೆ

ಬದುಕಿಡೀ ಕನ್ನಡ ಮೇಷ್ಟ್ರಾಗಿದ್ದವನಿಗೆ ಸಣ್ಣ ಮಾತು ಆಡುವುದೆಂದರೆ ಅರ್ಧ ಸಂಬಳಕ್ಕೆ ದುಡಿದಂತೆ. ಸಾರಿಗೆ ಉಪ್ಪು ಕಡಿಮೆಯಾದರೆ ನಾನು ‘ಲವಣದ ಕೊರತೆ ಗೋಚರಿಸುತ್ತಿದೆ’ ಎನ್ನುತ್ತೇನೆ. ನನ್ನ ಹೆಂಡತಿ ಅದನ್ನು ಹೊಗಳಿಕೆಯೆಂದುಕೊಂಡು ಇನ್ನೊಂದು ಸೌಟು ಬಡಿಸುತ್ತಾಳೆ. ಬೇಕೆಂದೇ ಬಡಿಸುತ್ತಾಳೆಂಬ ಗುಮಾನಿಯೂ ನನಗಿದೆ.

ಇಂಥ ನನ್ನನ್ನು ಒಂದು ಮಳೆಗಾಲದಲ್ಲಿ ಪರಿಹಾರ ಸಂಸ್ಥೆಯೊಂದು ಶಿಕಾರಿಪುರದಿಂದ ಸೊರಬದ ಕಡೆಗೆ ಕರೆದೊಯ್ದಿತು. ಕುಪ್ಪಗಡ್ಡೆಯ ಹತ್ತಿರ ತಗ್ಗಿನ ಮನೆಗಳಿಗೆ ನೀರು ನುಗ್ಗಿ ಜನ ಶಾಲೆಯಲ್ಲಿ ಉಳಿದಿದ್ದರು. ಸಂಸ್ಥೆಯವರು ದೂರದವರು, ಕೊಡುವ ಮನಸ್ಸು ದೊಡ್ಡದು, ಕನ್ನಡ ಮಾತ್ರ ‘ನಮಸ್ಕಾರ’ಕ್ಕೇ ಮುಗಿಯುತ್ತಿತ್ತು. ಅವರ ಮುಖ್ಯಸ್ಥೆ ಅನಿತಾ, ಬಾವಿ ನೀರು ಕೆಟ್ಟಿದೆ, ಕ್ಲೋರಿನ್ ಗುಳಿಗೆ ಹಂಚುತ್ತೇವೆ, ಬಳಸುವ ಬಗೆಯನ್ನು ಕನ್ನಡದಲ್ಲಿ ಹೇಳಿಬಿಡಿ ಎಂದು ನನಗೆ ಮೈಕು ಕೊಟ್ಟಳು.

ಮೈಕು ಸಿಕ್ಕ ಮೇಷ್ಟ್ರನ್ನು ಹಿಡಿಯುವವರುಂಟೆ? “ಸೇವನೆಗೆ ಮುನ್ನ ಜಲಶುದ್ಧೀಕರಣ ಗುಳಿಗೆಯನ್ನು ಸಂಗ್ರಹಿತ ನೀರಿನಲ್ಲಿ ವಿಲೀನಗೊಳಿಸತಕ್ಕದ್ದು” ಎಂದೆ. ಜನ ಗಂಭೀರವಾಗಿ ತಲೆದೂಗಿದರು. ನನ್ನ ಎದೆ ಉಬ್ಬಿತು. ಗುಳಿಗೆ ಹಂಚಿದ್ದೂ ಆಯಿತು. ಆಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಗಿರಿಜಮ್ಮ ಎಂಬುವರು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: “ಮೇಷ್ಟ್ರೇ, ಇದು ಊಟಕ್ಕೆ ಮುಂಚೆನಾ, ಊಟ ಆದ್ಮೇಲಾ? ಮಕ್ಕಳಿಗೆ ಅರ್ಧ ಕೊಟ್ರೆ ಸಾಕಾ?”

ಯಾರೂ ನುಂಗಬೇಡಿ ಎಂದು ಮೈಕಿನಲ್ಲಿ ಕೂಗಿದೆ. ಅಷ್ಟು ಸರಳವಾದ ವಾಕ್ಯ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಪುಣ್ಯಕ್ಕೆ ಯಾರ ಗಂಟಲಿಗೂ ಇಳಿದಿರಲಿಲ್ಲ. ವಿಷಯ ತಿಳಿದ ಅನಿತಾ ಬೈಯಲಿಲ್ಲ. ಗಿರಿಜಮ್ಮನ ಪಕ್ಕದಲ್ಲೇ ಕುಳಿತು, ಇವರಾದರೆ ಹೇಗೆ ಹೇಳುತ್ತಾರೆ ಕೇಳಿ ಎಂದಳು. ನಾನು ವಿವರಿಸಿದೆ. ಕೇಳಿಸಿಕೊಂಡ ಗಿರಿಜಮ್ಮ ಮೈಕು ಹಿಡಿದರು. “ಇದು ಬಾಯಿಗಲ್ರೀ, ಕೊಡಕ್ಕೆ. ಒಂದು ಕೊಡ ನೀರಿಗೆ ಒಂದು ಹಾಕಿ, ಅರ್ಧ ಗಂಟೆ ಬಿಟ್ಟು ಕುಡೀರಿ.” ಅಷ್ಟೇ. ಕೊಡಗಳು ತಾವಾಗಿಯೇ ಸಾಲಾದವು. ಆ ಮಳೆಗಾಲ ಯಾರಿಗೂ ವಾಂತಿಭೇದಿ ಬರಲಿಲ್ಲ.

ಈಗ ಆ ಸಂಸ್ಥೆಯವರು ಏನನ್ನೇ ಹಂಚಲಿ, ಮೊದಲು ಊರವರಿಗೆ ಓದಿ ಹೇಳಿ, ಅರ್ಥವಾದದ್ದನ್ನು ಅವರ ಬಾಯಲ್ಲೇ ಕೇಳುತ್ತಾರೆ. ಶಿಕಾರಿಪುರದ ತಾಂಡಾಗಳಿಗೆ ಹೋಗುವಾಗ ಲಂಬಾಣಿ ಮಾತಾಡುವವರೂ ಜೊತೆಗಿರುತ್ತಾರೆ. ನನ್ನನ್ನೂ ಕೈಬಿಟ್ಟಿಲ್ಲ, ಹುದ್ದೆಯನ್ನೇ ಕೊಟ್ಟಿದ್ದಾರೆ. ಮೊನ್ನೆ ಕುಪ್ಪಗಡ್ಡೆಗೆ ಹೋದಾಗ, ನಾನೇ ಹೆಸರು ಸೂಚಿಸಿ ಮಾಡಿಸಿಕೊಂಡ ಎದೆಯ ಬಿಲ್ಲೆಯನ್ನು ಗಿರಿಜಮ್ಮನಿಗೆ ಓದಿ ಹೇಳಿದೆ: ‘ಭಾಷಾ ಸಂವಹನ ಸಮಾಲೋಚಕ’.

“ಹಂಗಂದ್ರೆ ಎಂತ, ಮೇಷ್ಟ್ರೇ?”

ಬಿಡಿಸಿ ಹೇಳಹೊರಟರೆ ಇನ್ನೂ ದೊಡ್ಡ ಪದಗಳೇ ನಾಲಿಗೆಗೆ ಬಂದವು. ಕೊನೆಗೆ, “ನೀವು ಹೇಳಿದ್ದನ್ನ ಬರ್ಕೊಳ್ಳೋನು” ಎಂದೆ.

“ಹಂಗಾದ್ರೆ ಕೂತ್ಕೊಳ್ಳಿ” ಎಂದರು.