ನನಗೆ ನನ್ನದೇ ಬ್ಯಾಟರಿ ಮಾರಿದ ಮಹನೀಯರಿಗೆ

ಅರ್ವೈಖೇರ್ ಪಟ್ಟಣದ ಮಾರುಕಟ್ಟೆಯ ಹಿಂಬದಿಯಲ್ಲಿ 'ಆರದ ಬೆಂಕಿ' ಎಂಬ ಬ್ಯಾಟರಿ ಅಂಗಡಿಯನ್ನು ನಡೆಸುತ್ತಿರುವ, ಚಳಿಗಾಲದಲ್ಲಿ ಊರಿನ ಅರ್ಧ ಜನಕ್ಕೆ ದೇವರಿಗಿಂತ ಮೊದಲು ನೆನಪಾಗುವ ಮಾನ್ಯ ಜಮ್ಸ್ರನ್‌ಜಾವ್ ಅವರಿಗೆ, ಇದೇ ಊರಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವ ಗೋಂಗೋರ್ ಎಂಬ ಮೇಷ್ಟ್ರು, ಮೈನಸ್ ಇಪ್ಪತ್ತೆಂಟರ ಚಳಿಯಲ್ಲೂ ಎರಡೂ ಕೈಗವಸು ಕಳಚಿ ಮಾಡುವ ಸಾದರ ವಂದನೆಗಳು.

ಮಾನ್ಯರೇ, ಜಪಾನಿನಿಂದ ಬಂದ ನನ್ನ ಹಳೆಯ ಕಾರು ಶರದೃತುವಿನ ಕೊನೆಯಲ್ಲಿ ಮೊದಲ ಸಲ ಉಸಿರು ನಿಲ್ಲಿಸಿದಾಗ, ತಾವು ಬಾನೆಟ್ ಎತ್ತಿ, ಬ್ಯಾಟರಿಯ ಮೇಲೆ ಎರಡು ಕೋಡಿನ ಪರೀಕ್ಷೆಯ ಉಪಕರಣವನ್ನು ಊರಿ, ದೊಡ್ಡ ಆಸ್ಪತ್ರೆಯ ವೈದ್ಯರಂತೆ ತಲೆಯಾಡಿಸಿ, "ಇದು ಮುಗೀತು ಮೇಷ್ಟ್ರೇ, ಮನೆಯೋರಿಗೆ ಹೇಳ್ಬಿಡಿ" ಎಂದದ್ದನ್ನು ನಾನು ಮರೆತಿಲ್ಲ. ಹಳೆಯದನ್ನು ತಮ್ಮಲ್ಲೇ ಬಿಟ್ಟು ಹೊಸದನ್ನು ಹಾಕಿಸಿಕೊಂಡೆ. ಅದು ಹನ್ನೊಂದು ದಿನ ಬದುಕಿತು. ಮತ್ತೆ ತಮ್ಮ ಬಳಿಗೇ ಬಂದಾಗ, "ನಿಮ್ ಕಾರಿನ ಹೊಟ್ಟೆ ದೊಡ್ಡದು, ಬ್ಯಾಟರೀನ ತಿಂದ್ಹಾಕತ್ತೆ" ಎಂಬ ಸಿದ್ಧಾಂತವನ್ನು ಮಂಡಿಸಿ, ಅದಕ್ಕೇ ಮತ್ತೆ ಚಾರ್ಜು ತುಂಬಿ ಕೊಟ್ಟಿರಿ. ಮಕ್ಕಳಿಗೆ ವಿದ್ಯುತ್ ಪಾಠ ಮಾಡುವ ನಾನು, ಶಾಲೆಯ ಕಪಾಟಿನಲ್ಲಿ ಆರು ವೋಲ್ಟ್ ಮೀಟರುಗಳನ್ನು ಬೀಗ ಹಾಕಿಟ್ಟುಕೊಂಡು, ಆ ಸಿದ್ಧಾಂತಕ್ಕೆ ತಲೆದೂಗಿದೆ. ಈ ಅಪರಾಧದಲ್ಲಿ ನನ್ನ ಪಾಲನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಸ್ಟೀರಿಂಗ್ ಹಿಂದೆ ಬ್ಯಾಟರಿ ಚಿತ್ರದ ಕೆಂಪು ದೀಪವೊಂದು ಆರದೆ ಉರಿಯುತ್ತಿದೆಯಲ್ಲ ಎಂದು ಕೇಳಿದಾಗ ತಾವು ತೋರಿದ ಕರುಣೆಯಂತೂ ದೊಡ್ಡದು. "ಅದೇನಿಲ್ಲ ಮೇಷ್ಟ್ರೇ, ಜಪಾನಿನೋರು ಸುಮ್ನೆ ಹೆದರಿಸ್ತಾರೆ" ಎಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿ, ಆ ಸೇವೆಗೆ ಬಿಡಿಗಾಸನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ನಾನು ಪ್ರತಿ ಸಂಜೆ ಬ್ಯಾಟರಿಯನ್ನು ಬಿಚ್ಚಿ, ಉಣ್ಣೆಯ ಕಂಬಳಿಯಲ್ಲಿ ಸುತ್ತಿ, ಮನೆಯೊಳಗೆ ಒಲೆಯ ಬದಿಗೆ ಇಟ್ಟು ಚಾರ್ಜು ಮಾಡತೊಡಗಿದೆ. ನನ್ನ ಹೆಂಡತಿ ಪಗಮಾ ಪಾತ್ರೆಗಳನ್ನು ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟಳು. ಎಪ್ಪತ್ತೊಂಬತ್ತರ ಅತ್ತೆ ನೋರ್ಜ್‌ಮಾ ಮಾತ್ರ ಸುಮ್ಮನಿರಲಿಲ್ಲ. "ಅದಕ್ಕೊಂದು ತೊಟ್ಟಿಲು ಕಟ್ಟಿ ಅಳಿಯಂದ್ರೇ, ಹಾಲು ನಾನೇ ಕುಡಿಸ್ತೀನಿ" ಎಂದರು.

ಅತ್ತೆಯವರ ಸಿಟ್ಟಿಗೆ ಕಾರಣವಿತ್ತು. ಅರವತ್ತು ಕಿಲೋಮೀಟರ್ ದೂರದ ಕಣಿವೆಯಲ್ಲಿ ಅವರ ಅಕ್ಕ ಇದ್ದಾರೆ, ಎಂಬತ್ತಾರು ವರ್ಷ, ಕಣ್ಣು ಮಂಜಾಗಿದೆ. ಬಿಳಿ ತಿಂಗಳ ಹೊಸವರ್ಷಕ್ಕೆ ಕಿರಿಯರೇ ಹೋಗಿ ಹಿರಿಯರ ಮೊಣಕೈ ಹಿಡಿದು ನಮಸ್ಕರಿಸಬೇಕು. ಹೋದ ವರ್ಷ ಹಿಮದಿಂದಾಗಿ ತಪ್ಪಿತ್ತು. ಈ ವರ್ಷ ಹಬ್ಬದ ಮೊದಲ ದಿನ ಹೊರಟವರು ಒಂಬತ್ತನೇ ಕಿಲೋಮೀಟರಿನಲ್ಲಿ ನಿಂತು, ಬೇರೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡು ವಾಪಸಾದೆವು. ಅತ್ತೆ ನೀಲಿ ರೇಷ್ಮೆಯ ನಿಲುವಂಗಿ ಬಿಚ್ಚದೆ ಸಂಜೆಯವರೆಗೂ ಗೋಡೆ ನೋಡುತ್ತ ಕುಳಿತಿದ್ದರು. ಹಬ್ಬದ ನಡುವೆಯೂ ತಾವು ಅಂಗಡಿ ತೆರೆದು, "ಸ್ವಲ್ಪ ಬಳಸಿದ್ದು, ಆದ್ರೆ ಹೊಸದಕ್ಕಿಂತ ಗಟ್ಟಿ" ಎಂದು ಮೂರನೆಯ ಬ್ಯಾಟರಿ ಕೊಟ್ಟಿರಿ.

ಹಬ್ಬದ ನಾಲ್ಕನೆಯ ದಿನ ಮಧ್ಯಾಹ್ನ ಆ ಗಟ್ಟಿ ಬ್ಯಾಟರಿ ನಮ್ಮ ಮೂವರನ್ನು ಕಣಿವೆಯ ಮೇಲಿನ ಘಾಟಿಯ ನೆತ್ತಿಯಲ್ಲಿ, ನಾಲ್ಕೂ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಇಳಿಸಿತು. ಅತ್ತೆಯವರ ತುಟಿ ನೀಲಿಯಾಗುತ್ತಿತ್ತು. ಪಗಮಾ ತನ್ನ ಕೋಟನ್ನೂ ಅವರಿಗೆ ಹೊದಿಸಿದಳು. ಅರ್ಧ ಗಂಟೆಯ ಮೇಲೆ ಕಲ್ಲಿದ್ದಲಿನ ಲಾರಿಯೊಂದು ಬಂದು ನಿಂತಿತು. ಇಳಿದವಳು ಓಯೂನ್‌ದಾರಿ, ಹದಿನಾಲ್ಕು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿ.

ಅವಳು ಮೊದಲು ಅತ್ತೆಯನ್ನು ತನ್ನ ಬೆಚ್ಚಗಿನ ಕ್ಯಾಬಿನ್ನಿಗೆ ಹತ್ತಿಸಿ, ಉಪ್ಪುಚಹಾ ಕೊಟ್ಟಳು. ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆದು ನಮ್ಮ ಕಾರನ್ನು ಚಾಲೂ ಮಾಡಿ, ತಂತಿ ತೆಗೆದು, ತನ್ನ ವೋಲ್ಟ್ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದಳು. "ಓದಿ ಮೇಷ್ಟ್ರೇ."

"ಹನ್ನೆರಡು."

"ಇಂಜಿನ್ ಓಡ್ತಿರುವಾಗ ಹದಿನಾಲ್ಕರ ಆಸುಪಾಸು ಇರ್ಬೇಕು. ಈಗ ಹೆಡ್‌ಲೈಟ್ ಹಾಕಿ."

ಹನ್ನೊಂದೂವರೆಗೆ ಇಳಿಯಿತು.

"ಬ್ಯಾಟರಿ ತುಂಬಿಸ್ಬೇಕಾದ ಆಲ್ಟರ್ನೇಟರ್ ಒಂದು ತೊಟ್ಟೂ ಕೊಡ್ತಿಲ್ಲ. ಬ್ಯಾಟರಿ ತಾನು ಉಪವಾಸ ಇದ್ಕೊಂಡು ಇಡೀ ಸಂಸಾರ ಸಾಕ್ತಿದೆ."

"ನನ್ ಮಗಳ ಹಾಗೆ" ಎಂದು ಲಾರಿಯ ಕಿಟಕಿಯಿಂದ ಅತ್ತೆಯವರ ದನಿ ಬಂತು.

"ನೀವು ನನ್ನನ್ನ ಫೇಲ್ ಮಾಡಿದ್ದು ಇದೇ ಪಾಠದಲ್ಲಿ ಅಲ್ವಾ ಮೇಷ್ಟ್ರೇ?" ಎಂದು ಓಯೂನ್‌ದಾರಿ ನಗದೇ ಕೇಳಿದಳು. ನಾನು ಹೌದೆಂದೆ. ಆಮೇಲೆ ಅವಳು ಬ್ಯಾಟರಿಯ ಪಕ್ಕೆಯ ಮಸಿ ಒರೆಸಿ, "ಇದರ ಮೇಲೆ ನಿಮ್ ಹೆಸರೇ ಇದೆಯಲ್ಲ" ಎಂದಳು. ಪಗಮಾ ಬಗ್ಗಿ ನೋಡಿದಳು. ಎರಡು ವರ್ಷದ ಹಿಂದೆ ತಾನೇ ಉಗುರುಬಣ್ಣದಲ್ಲಿ ಬರೆದ ಅಕ್ಷರಗಳು. ಮಾನ್ಯರೇ, ತಾವು ಸತ್ತಿತೆಂದು ಘೋಷಿಸಿದ ನನ್ನ ಮೊದಲ ಬ್ಯಾಟರಿಗೆ ಒಂದು ರಾತ್ರಿ ಚಾರ್ಜು ಕೊಟ್ಟು, ಜೀವ ತುಂಬಿ, ನನಗೇ ಮಾರಿದ್ದಿರಿ. ಪುನರ್ಜನ್ಮದ ಬಗ್ಗೆ ನಮ್ಮ ಲಾಮಾಗಳಿಗೂ ಇಷ್ಟು ಖಚಿತವಾದ ಪುರಾವೆ ಸಿಕ್ಕಿರಲಿಕ್ಕಿಲ್ಲ.

ಓಯೂನ್‌ದಾರಿ ಲಾರಿಯ ಮರೆಯಲ್ಲಿ ಆಲ್ಟರ್ನೇಟರ್ ಬಿಚ್ಚಿದಳು. ಒಳಗಿನ ಕಾರ್ಬನ್ ಬ್ರಶ್ಶುಗಳು ಸವೆದು ಉಗುರಿನಷ್ಟಾಗಿದ್ದವು. ತನ್ನ ಡಬ್ಬಿಯಲ್ಲಿದ್ದ ಬೇರೆ ಗಾಡಿಯ ಬ್ರಶ್ಶುಗಳನ್ನು ಅರದಿಂದ ಉಜ್ಜಿ ಕೂರಿಸಿದಳು. ನಾನು ಬಟ್ಟೆ ಅಡ್ಡ ಹಿಡಿದು ಗಾಳಿ ತಡೆದೆ, ಅಷ್ಟೇ ನನ್ನ ಭೌತಶಾಸ್ತ್ರ. ಮತ್ತೆ ಚಾಲೂ ಮಾಡಿದಾಗ ಮೀಟರು ಹದಿನಾಲ್ಕು ಬಿಂದು ಎರಡು ತೋರಿಸಿತು. ಹೆಡ್‌ಲೈಟ್, ಹೀಟರ್ ಎಲ್ಲ ಹಾಕಿದರೂ ಹದಿಮೂರೂ ಮುಕ್ಕಾಲಿನಿಂದ ಕೆಳಗಿಳಿಯಲಿಲ್ಲ. ನಾನು ಕೂಗಿದ ಕೂಗಿಗೆ ದೂರದ ಯಾಕ್‌ಗಳು ತಲೆಯೆತ್ತಿದವು.

ಸಂಜೆಗೆ ಮುಂಚೆ ಅಕ್ಕನ ಮನೆ ತಲುಪಿದೆವು. ಅಕ್ಕ ಕೈ ಚಾಚಿ, ಮುಖ ತಡವಿ, "ಬಂದ್ಯೇನೇ ಪುಟ್ಟಿ? ಬೂಝ್ ಕಡುಬೆಲ್ಲ ಆರಿ ಕಲ್ಲಾಯ್ತು" ಎಂದರು. "ಕಲ್ಲನ್ನೇ ಕೊಡಕ್ಕ" ಎಂದು ಅತ್ತೆ ಅವರ ಮೊಣಕೈ ಹಿಡಿದವರು ಬಿಡಲೇ ಇಲ್ಲ. ಕಾರು ನೋಡುವ ನೆಪದಲ್ಲಿ ನಾನು ಹೊರಗೆ ಬಂದು ನಿಂತೆ.

ಆದ್ದರಿಂದ ಮಾನ್ಯರಲ್ಲಿ ವಿನಂತಿ: ತಮ್ಮ ಕಪ್ಪು ಟೇಪನ್ನು ಊರಿನ ಥರ್ಮಾಮೀಟರುಗಳಿಗೂ ಅಂಟಿಸಿ ನಮ್ಮ ಚಳಿಗಾಲವನ್ನು ನಿವಾರಿಸಬೇಕು. ಅದು ಕಷ್ಟವಾದರೆ, ಇನ್ನು ಮುಂದೆ ಬ್ಯಾಟರಿ ಮಾರುವ ಮೊದಲು ಇಂಜಿನ್ ಓಡಿಸಿ ಒಮ್ಮೆ ವೋಲ್ಟು ಅಳೆಯಬೇಕು. ಇವೆರಡರಲ್ಲಿ ತಮಗೆ ಯಾವುದು ಸುಲಭವೋ ನಾನು ಬಲ್ಲೆ.

ಹದಿನಾಲ್ಕು ಬಿಂದು ಎರಡು ವೋಲ್ಟಿನಷ್ಟು ತಮ್ಮ ವಿಶ್ವಾಸಿ,
ಗೋಂಗೋರ್

ಮರೆತ ಮಾತು: ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹತ್ತನೇ ತರಗತಿಯ ಇಪ್ಪತ್ತಾರು ಮಕ್ಕಳು ಆರು ಮೀಟರು ಹಿಡಿದು ಬಯಲು ಪಾಠಕ್ಕೆ ಬರುತ್ತಾರೆ. ದಾರಿಯಲ್ಲಿ ಹೋಗುವ ಕಾರುಗಳನ್ನೆಲ್ಲ ಪುಕ್ಕಟೆ ಪರೀಕ್ಷಿಸುತ್ತಾರೆ, ಪಾಠ ಮಾಡುವವಳು ಓಯೂನ್‌ದಾರಿ. ತಾವು ಶ್ರಮಪಟ್ಟು ಬರಬೇಕಾಗಿಲ್ಲ. ನಾವು ಆರಿಸಿಕೊಂಡಿರುವುದು ತಮ್ಮ ಅಂಗಡಿಯ ಎದುರಿನ ಜಾಗವನ್ನೇ.